ಕಪಾಟಿನ ಕೀಲಿಕೈ

ನವೆಂಬರ ತಿಂಗಳು ಬಂದಿತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡಗಳಲ್ಲಿ ಚಿತ್ರಪಟಗಳ ಧೂಳು ಒರೆಸುವ ಕೆಲಸ ಮೊದಲಾಗುತ್ತದೆ. ಆಲೂರ ವೆಂಕಟರಾಯರ ಪಟ, ಹುಯಿಲಗೋಳ ನಾರಾಯಣರಾಯರ ಪಟ, ತಾಯಿ ಭುವನೇಶ್ವರಿಯ ಪಟ, ಇವಕ್ಕೆಲ್ಲ ಮಾಲೆ ಬೀಳುತ್ತವೆ, ಊದುಬತ್ತಿ ಉರಿಯುತ್ತವೆ. ಅಧ್ಯಕ್ಷರೂ ಅತಿಥಿಗಳೂ ಹಾರ ಹಾಕಿಸಿಕೊಂಡು ಕುಳಿತು, ಒಬ್ಬರಾದ ಮೇಲೊಬ್ಬರು ಎದ್ದು ಮಾತನಾಡುತ್ತಾರೆ. ಆ ಮಾತುಗಳಲ್ಲಿ ಒಂದು ಮಾತು ಮಾತ್ರ ವರ್ಷವೂ ತಪ್ಪದೆ ಬರುವದನ್ನು ನಾವು ಕೇಳುತ್ತ ಬಂದಿದ್ದೇವೆ. ಈಗಿನ ಹುಡುಗರಲ್ಲಿ ನಾಡಿನ ಅಭಿಮಾನವಿಲ್ಲವಂತೆ, ಓದಿನ ಹಂಬಲವಿಲ್ಲವಂತೆ, ಎದೆಗಾರಿಕೆಯಂತೂ ಮೊದಲೇ ಇಲ್ಲವಂತೆ. ಇದನ್ನು ಹೇಳಿದವರು ಕೂಡ್ರುತ್ತಾರೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ಹುಡುಗರೂ ತಟ್ಟುತ್ತಾರೆ, ಏಕೆಂದರೆ ತಟ್ಟಬೇಕೆಂದು ಅವರಿಗೆ ಮೊದಲೇ ಹೇಳಿರುತ್ತದೆ.

ಹೋದ ನವೆಂಬರದಲ್ಲಿ ಇಂಥದೇ ಒಂದು ಶಾಲೆಯ ಸಮಾರಂಭಕ್ಕೆ ನಾವೂ ಹೋಗಿದ್ದೆವು. ಶಾಲೆ ಯಾವದೆಂದು ಹೇಳುವ ಕಾರಣವಿಲ್ಲ. ಹೇಳಿದರೆ ಉಳಿದ ಶಾಲೆಗಳವರು ತಮ್ಮದಲ್ಲವೆಂದು ನೆಮ್ಮದಿಯಿಂದ ಇರುವರು. ದೊಡ್ಡವರ ಭಾಷಣಗಳು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕಟ್ಟಕಡೆಗೆ ವಿದ್ಯಾರ್ಥಿಗಳ ಪರವಾಗಿ ಎರಡು ಮಾತು ಆಡಲಿಕ್ಕೆ ಎಂಟನೆಯ ಇಯತ್ತೆಯ ಒಬ್ಬ ಹುಡುಗಿಯನ್ನು ಕರೆದರು. ಅವಳ ಕೈಯಲ್ಲಿ ಗುರುಗಳು ಬರೆದುಕೊಟ್ಟ ಹಾಳೆಯಿತ್ತು. ಎರಡು ಸಾಲು ಓದಿದಳು, ನಿಂತಳು, ಹಾಳೆಯನ್ನು ಮಡಿಚಿ ಮುಷ್ಟಿಯಲ್ಲಿ ಹಿಡಿದಳು. ‘ನಮ್ಮ ಸಾಲ್ಯಾಗ ಪುಸ್ತಕದ ಕಪಾಟು ಐತ್ರಿ. ಅದರ ಕೀಲಿ ತಗದದ್ದು ನಾವು ನೋಡಿಲ್ರಿ. ತಗದರ ಓದತೀವ್ರಿ’ ಎಂದಳು. ತನ್ನ ಜಾಗಕ್ಕೆ ಹೋಗಿ ಕುಳಿತಳು. ಕೆಲವರು ನಕ್ಕರು. ಅತಿಥಿಗಳಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಮುಖ್ಯಾಧ್ಯಾಪಕರ ಮುಖ ಕೆಂಪಾಯಿತು. ನಮಗಾದರೋ, ಎರಡೂವರೆ ತಾಸಿನ ಆ ಸಭೆಯಲ್ಲಿ ಭಾಷಣವೆಂದು ಕರೆಯಿಸಿಕೊಳ್ಳಲು ಯೋಗ್ಯವಾದದ್ದು ಇದೊಂದೇ ಎಂದು ತೋರಿತು.

ಮನೆಗೆ ಬಂದ ಮೇಲೆಯೂ ಆ ಹುಡುಗಿಯ ಮಾತು ನಮ್ಮನ್ನು ಬಿಡಲಿಲ್ಲ. ನಾವು ಮಾಲೆ ಹಾಕಿದ ಆ ಪಟಗಳಲ್ಲಿಯ ಮಹನೀಯರಿಗೆ ಸ್ಫೂರ್ತಿಯು ಎಲ್ಲಿಂದ ಬಂದಿತು? ಯಾವ ವಯಸ್ಸಿನಲ್ಲಿ ಬಂದಿತು? ಪಟದಲ್ಲಿ ಅವರು ಪೇಟ ಸುತ್ತಿದ ವೃದ್ಧರಾಗಿರುವದರಿಂದ ಹುಟ್ಟುವಾಗಲೇ ಅವರು ಹಾಗೆ ಇದ್ದರೆಂದು ನಮಗೆ ಭ್ರಮೆಯಾಗಿದೆ.

ಆಲೂರ ವೆಂಕಟರಾಯರು ಹುಟ್ಟಿದ್ದು 1880ರಲ್ಲಿ, ವಿಜಾಪುರದಲ್ಲಿ. ಪುಣೆಯಲ್ಲಿ ಓದಿದರು, ಮುಂಬಯಿಯಲ್ಲಿ ಕಾಯದೆಯನ್ನು ಕಲಿತರು, ಧಾರವಾಡಕ್ಕೆ ಬಂದು ವಕೀಲಿಯನ್ನು ಹಿಡಿದರು. ಅಂದಿನ ಧಾರವಾಡದಲ್ಲಿ ಕಲಿತವರ ಮಾತು-ಬರಹ ಬಹುಮಟ್ಟಿಗೆ ಮರಾಠಿಯಲ್ಲಿ. ದೇಶಾಭಿಮಾನದ ಸ್ಫೂರ್ತಿಯೂ ಪುಣೆಯಿಂದಲೇ ಬರಬೇಕು. ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆಗಳನ್ನು ತೆರೆಯಿಸಿ ಹೋದದ್ದೂ, 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದೂ ನಿಜ; ಆದರೆ ಕನ್ನಡಿಗನಿಗೆ ತನ್ನದೊಂದು ನಾಡು ಇತ್ತೆಂಬ ನೆನಪು ಇನ್ನೂ ಮೂಡಿರಲಿಲ್ಲ. ಹೀಗಿರಲು 1905ರಲ್ಲಿ ವೆಂಕಟರಾಯರು ಆನೆಗೊಂದಿ-ಹಂಪೆಗಳಿಗೆ ಹೋದರು. ಹಾಳಾದ ಗುಡಿ, ಒಡೆದ ಕಂಬ, ಮುರಿದ ಮಂಟಪಗಳ ನಡುವೆ ನಿಂತಾಗ ತಮಗೆ ಈ ವೈಭವದ ಇತಿಹಾಸದ ಗಂಧವೂ ಇಲ್ಲವಲ್ಲಾ ಎಂಬ ನಾಚಿಕೆಯು ಅವರನ್ನು ಹಿಡಿಯಿತು. ಆಗ ಅವರಿಗೆ ವಯಸ್ಸು ಇಪ್ಪತ್ತೈದು. ಈ ಮಾತಿಗೆ ನಾವು ಒತ್ತು ಕೊಟ್ಟು ಹೇಳುತ್ತೇವೆ. ಕರ್ನಾಟಕದ ಕುಲಪುರೋಹಿತರಾದದ್ದು ಇಪ್ಪತ್ತೈದು ವರ್ಷದ ಒಬ್ಬ ಹೊಸ ವಕೀಲರು. ಮತ್ತು ಅವರನ್ನು ಹಾಗೆ ಮಾಡಿದ್ದು ಯಾವ ಸಭೆಯ ಠರಾವೂ ಅಲ್ಲ, ಹೆಸರೂ ತಿಳಿಯದ ಶಿಲ್ಪಿಗಳ ಉಳಿಯ ಕೆಲಸ.

ಆ ನಾಚಿಕೆಯನ್ನು ಅವರು ಹನ್ನೆರಡು ವರ್ಷ ಹೊತ್ತು ತಿರುಗಿದರು. ಶಾಸನ ಓದಿದರು, ಊರು ಸುತ್ತಿದರು, ‘ವಾಗ್ಭೂಷಣ’ ಪತ್ರಿಕೆಯನ್ನು ನಡೆಯಿಸಿದರು. 1917ರಲ್ಲಿ ‘ಕರ್ನಾಟಕ ಗತವೈಭವ’ವು ಹೊರಬಿದ್ದಿತು. ಆಗ ಕನ್ನಡ ನಾಡು ಎಲ್ಲಿತ್ತು? ನಕಾಶೆಯಲ್ಲಿ ಇರಲಿಲ್ಲ. ಮುಂಬಯಿ ಇಲಾಖೆಯಲ್ಲೊಂದು ತುಂಡು, ಮದ್ರಾಸು ಇಲಾಖೆಯಲ್ಲೊಂದು, ನಿಜಾಮರ ಹೈದ್ರಾಬಾದಿನಲ್ಲೊಂದು. ಮೈಸೂರು ಬೇರೆ, ಕೊಡಗು ಬೇರೆ. ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಾಂಗ್ಲಿ, ಮಿರಜಗಳೆಂಬ ಸಂಸ್ಥಾನಗಳ ಚೂರುಗಳು. ಇಂಥದರಲ್ಲಿ ಆ ಗ್ರಂಥವನ್ನು ಓದಿದ ಒಬ್ಬ ಹಳ್ಳಿಯ ಮಾಸ್ತರನು, ಕದಂಬರಿಂದ ವಿಜಯನಗರದವರೆಗೆ ಎಲ್ಲವೂ ತನ್ನದೇ ಎಂದು ಮೊದಲ ಸಲ ತಿಳಿದುಕೊಂಡನು. ಒಂದು ನಾಡು ಸರಕಾರದ ಗ್ಯಾಝೆಟ್ಟಿನಲ್ಲಿ ಹುಟ್ಟುವದಕ್ಕೆ 39 ವರ್ಷ ಮೊದಲು ಒಂದು ಪುಸ್ತಕದ ರಟ್ಟಿನೊಳಗೆ ಹುಟ್ಟಿತ್ತೆಂದು ನಾವೆಂದರೆ ಅತಿಶಯೋಕ್ತಿಯೆನ್ನುವವರುಂಟು. ಅವರು ಆ ಕಾಲದ ಏಕೀಕರಣದ ಕಾರ್ಯಕರ್ತರ ಆತ್ಮಕಥೆಗಳನ್ನು ತೆರೆದು ನೋಡಲಿ.

ಪುಸ್ತಕವು ಓದಬಲ್ಲವನನ್ನು ಮುಟ್ಟುತ್ತದೆ. ಓದಬಾರದವನನ್ನು ಮುಟ್ಟುವದು ಹಾಡು. 1924ರ ದಿಸೆಂಬರದಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಕೂಡಿತು. ಗಾಂಧೀಜಿಯವರು ಅಧ್ಯಕ್ಷರಾದದ್ದು ಅದೊಂದೇ ಅಧಿವೇಶನಕ್ಕೆ. ಅದೇ ಊರಲ್ಲಿ ಅದೇ ಹೊತ್ತಿಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತೂ ನೆರೆಯಿತು. ಗದುಗಿನ ವಕೀಲ ಹುಯಿಲಗೋಳ ನಾರಾಯಣರಾಯರ ನಾಡಗೀತವು ಕನ್ನಡಿಗರ ಕಿವಿಗೆ ಬಿದ್ದದ್ದು ಆ ಅಧಿವೇಶನದಲ್ಲಿಯೇ. ಅಲ್ಲಿ ಸ್ವಾಗತದ ಹಾಡು ಹೇಳಲಿಕ್ಕೆ ನಿಂತವಳು ಧಾರವಾಡದ ಹನ್ನೊಂದು ವರ್ಷದ ಒಬ್ಬ ಹುಡುಗಿ. ಹೆಸರು ಗಂಗೂಬಾಯಿ.

ಈ ಗಂಗೂಬಾಯಿ ಹಾನಗಲ್ಲರ ಸಂಗತಿಯನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇವೆ. ಏಕೆಂದರೆ ನಮ್ಮ ಸಮಾರಂಭಗಳಲ್ಲಿ ಅವರ ಕೀರ್ತಿಯ ಭಾಗವನ್ನು ಹೇಳುತ್ತಾರೆ, ನಮ್ಮ ಅಪಕೀರ್ತಿಯ ಭಾಗವನ್ನು ಬಿಟ್ಟುಬಿಡುತ್ತಾರೆ. ಅವರು ಹಾಡುವವರ ಮನೆಯಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಮನೆಯಿದ್ದದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ, ಮೇಲುಜಾತಿಯವರ ಕೇರಿಯಲ್ಲಿ. ಚಿಕ್ಕವರಿದ್ದಾಗ ನೆರೆಯವರ ತೋಟಕ್ಕೆ ಮಾವಿನಕಾಯಿಗಾಗಿ ಕಾಲಿಟ್ಟು ಬೈಸಿಕೊಂಡದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕಾಯಿ ಕದ್ದದ್ದು ಅಲ್ಲಿ ದೊಡ್ಡ ಅಪರಾಧವಾಗಲಿಲ್ಲ. ಹಾಡುವವರ ಮಗಳು ತೋಟವನ್ನು ತುಳಿದದ್ದೇ ಅಪರಾಧವಾಯಿತು. ದಾರಿಯಲ್ಲಿ ನಡೆದರೆ ಹಿಂದಿನಿಂದ ಹೀಯಾಳಿಸುವವರಿದ್ದರು. ಈಗ ನಮ್ಮ ವಾಚಕರು ಈ ಎರಡು ಚಿತ್ರಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಬೆಳಗಾವಿಯ ಮಂಟಪದಲ್ಲಿ ಇಡಿಯ ದೇಶದ ಮುಂದೆ ಕರ್ನಾಟಕದ ಮಾನ ಕಾಯ್ದ ಕಂಠ ಒಂದು. ಧಾರವಾಡದ ತೋಟದಿಂದ ಅಟ್ಟಿಸಿಕೊಂಡ ಹುಡುಗಿ ಇನ್ನೊಂದು. ಎರಡೂ ಒಂದೇ ಮಗು.

ಅವರ ಓದು ಐದನೆಯ ಇಯತ್ತೆಗೇ ನಿಂತಿತು. 1928ರಲ್ಲಿ ತಾಯಿಯು ಮಗಳ ಶಿಕ್ಷಣಕ್ಕಾಗಿ ಹುಬ್ಬಳ್ಳಿಗೆ ಮನೆ ಬದಲಿಸಿದರು. ಮಗಳು ಹಿಂದುಸ್ತಾನಿ ಪದ್ಧತಿಯನ್ನು ಕಲಿಯುತ್ತಿರುವಾಗ ಕಿವಿಯಲ್ಲಿ ಬೆರಕೆಯಾಗಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರಂತೆ. ಇಂಥ ತ್ಯಾಗಕ್ಕೆ ಯಾವ ಪಟವಿದೆ, ಯಾವ ಮಾಲೆಯಿದೆ? ಮುಂದೆ ಗಂಗೂಬಾಯಿಯವರು ಸವಾಯಿ ಗಂಧರ್ವರಲ್ಲಿ ಕಲಿಯಲು ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನದ ಹೋಬಳಿಗೆ ಸೇರಿದ್ದು. ಹುಬ್ಬಳ್ಳಿಯು ಮುಂಬಯಿ ಇಲಾಖೆಯದು. ಹನ್ನೆರಡು ಮೈಲಿನ ಆಸುಪಾಸಿನ ದಾರಿಯಲ್ಲಿ ಒಂದು ಆಳಿಕೆ ಮುಗಿದು ಇನ್ನೊಂದು ಮೊದಲಾಗುತ್ತಿತ್ತು. ಮಾತು ಅದೇ ಕನ್ನಡ, ಹೊಲ ಅದೇ ಎರೆಹೊಲ, ತಂಬೂರಿಯ ಶ್ರುತಿಯೂ ಅದೇ. ನಾಡು ಒಡೆದದ್ದನ್ನೂ ಒಡೆಯದೆ ಉಳಿದದ್ದನ್ನೂ ಒಂದೇ ಸಂಜೆಯ ಪ್ರವಾಸದಲ್ಲಿ ಕಾಣಬಹುದಾಗಿತ್ತು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಿತು. 2009ರ ಜುಲೈದಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಹಿಂದೆ ಬೈದ ಮನೆಯವರೇ ಮುಂದೆ ಊಟಕ್ಕೆ ಕರೆದರೆಂದು ಅವರು ನಗುತ್ತ ಹೇಳುತ್ತಿದ್ದರು. ಅವರು ನಕ್ಕದ್ದು ಅವರ ದೊಡ್ಡಸ್ತಿಕೆ. ನಾವೂ ನಕ್ಕು ಬಿಡುವದು ಯುಕ್ತವಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾವು ಊಹಿಸಬಲ್ಲೆವು. ಆಗಿನ ಕಾಲ ಬೇರೆ. ಈಗಿನ ಮಕ್ಕಳ ಕೈಯಲ್ಲಿ ಮೊಬೈಲೆಂಬ ಯಂತ್ರವಿದೆ, ಅದು ಎಲ್ಲವನ್ನೂ ಕೆಡಿಸಿತು ಎಂದು ಪಾಲಕರು ಹೇಳುತ್ತಾರೆ. ಯಂತ್ರದ ಮಾತು ಬಂದಿತೆಂದು ಹೇಳುತ್ತೇವೆ. ಗದುಗಿನ ಕಡೆಯ ಒಬ್ಬ ಹುಡುಗನು ಅಂಗಡಿಯೊಂದರಲ್ಲಿ ಗ್ರಾಮೋಫೋನಿನ ತಟ್ಟೆಯಿಂದ ಅಬ್ದುಲ್ ಕರೀಮ ಖಾನರ ಹಾಡನ್ನು ಕೇಳಿದನು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದನು. ಉತ್ತರದ ಊರುಗಳನ್ನೆಲ್ಲ ಅಲೆದು, ಕಡೆಗೆ 1936ರಲ್ಲಿ ಅದೇ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊರುತ್ತ ಕಲಿತನು. ಅವರೇ ಭೀಮಸೇನ ಜೋಶಿಯವರು; 2008ರಲ್ಲಿ ಭಾರತರತ್ನರಾದವರು. ಗ್ರಾಮೋಫೋನೂ ಒಂದು ಯಂತ್ರವೇ ಆಗಿತ್ತು; ಅದನ್ನೂ ಹಿರಿಯರು ಬೈದಿರಬೇಕು. ಮಗುವಿನ ಕೈಯಲ್ಲಿ ಯಂತ್ರವಿದೆಯೋ ಇಲ್ಲವೋ ಎಂಬದಕ್ಕಿಂತ, ಆ ಯಂತ್ರದೊಳಗೆ ಅಬ್ದುಲ್ ಕರೀಮ ಖಾನರು ಇದ್ದಾರೆಂದು ಅದಕ್ಕೆ ಹೇಳಿದವರು ಯಾರು ಎಂಬದು ದೊಡ್ಡ ಪ್ರಶ್ನೆ. (ಹುಡುಗರೆಲ್ಲ ಮನೆ ಬಿಟ್ಟು ಓಡಬೇಕೆಂದು ನಾವು ಬೋಧಿಸುತ್ತಿಲ್ಲ, ಪಾಲಕರು ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬಾರದು.)

ಇನ್ನು ಎದೆಗಾರಿಕೆಯ ಮಾತು. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇದನ್ನು ಹಿರಿಯರು ಹುಡುಗರಿಗೆ ಕಲಿಸಿದ್ದಕ್ಕಿಂತ ಹುಡುಗರೇ ಹಿರಿಯರಿಗೆ ಕಲಿಸಿದ್ದು ಹೆಚ್ಚು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ ಸತ್ಯಾಗ್ರಹಿಗಳಲ್ಲಿ ಕರ್ನಾಟಕದಿಂದ ಹೋದವನು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ವಯಸ್ಸು ಹದಿನೆಂಟು. 1943ರ ಏಪ್ರಿಲ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ ಗುಂಡಿಗೆ ಬಲಿಯಾದಾಗ ಆತನಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಹುಬ್ಬಳ್ಳಿಯ ನಾರಾಯಣ ಡೋಣಿಯಾದರೋ ಬರಿಯ ಬಾಲಕ. ‘ಚಲೇಜಾವ್’ ಚಳವಳಿಯ ಮೆರವಣಿಗೆಯಲ್ಲಿ, 1942ರ ಆಗಸ್ಟ 15ರಂದು, ಪೋಲೀಸರ ಗುಂಡಿಗೆ ಬಿದ್ದನು. ಅದೇ ತಾರೀಖು ಐದು ವರ್ಷಗಳ ತರುವಾಯ ದೇಶದ ಸ್ವಾತಂತ್ರ್ಯದ ದಿನವಾಯಿತು. ಆ ದಿನ ನಾವು ಧ್ವಜವನ್ನು ನೋಡುತ್ತೇವೆ, ಮಿಠಾಯಿ ಹಂಚುತ್ತೇವೆ. ಇದೇ ಊರ ಪೇಟೆಯಲ್ಲಿ ಇದೇ ತಾರೀಖಿಗೆ ಒಬ್ಬ ಶಾಲೆಯ ವಯಸ್ಸಿನ ಹುಡುಗನು ಪ್ರಾಣ ಬಿಟ್ಟನೆಂದು ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ?

ಮಕ್ಕಳು ಗುಂಡಿಗೆ ಎದೆಯೊಡ್ಡುವದನ್ನು ಹೊಗಳಿ ಹಾಡುವ ಲೇಖನಗಳನ್ನು ನಾವು ಓದಿದ್ದೇವೆ. ಅವು ನಮಗೆ ಹಿಡಿಸವು. ಡೋಣಿಯು ಬದುಕಿ, ಮುದುಕನಾಗಿ, ಮೊಮ್ಮಕ್ಕಳಿಗೆ ಕಥೆ ಹೇಳಿದ್ದರೆ ನಾಡಿಗೆ ಏನೂ ಕೊರತೆಯಾಗುತ್ತಿರಲಿಲ್ಲ. ಅವನನ್ನು ಸ್ಮರಿಸುವದೆಂದರೆ ಅವನ ಸಾವನ್ನು ಕೊಂಡಾಡುವದಲ್ಲ. ಹದಿಮೂರು ಹದಿನಾಲ್ಕರ ಮಗುವಿಗೂ ಸ್ವಂತದ ವಿವೇಕವಿರುತ್ತದೆ, ಸರಿ-ತಪ್ಪುಗಳನ್ನು ತಾನೇ ತೂಗಬಲ್ಲದು ಎಂಬದನ್ನು ಒಪ್ಪಿಕೊಳ್ಳುವದು. ಹೀಗೆ ಒಪ್ಪಿಕೊಂಡವರು ಅದೇ ವಯಸ್ಸಿನ ಮಗುವಿನ ಕೈಗೆ ಬರೆದ ಭಾಷಣವನ್ನು ಕೊಟ್ಟು ನಿಲ್ಲಿಸಬಹುದೇ?

ಇಟಲಿಯಲ್ಲಿ ಮ್ಯಾಝಿನಿಯು ‘ತರುಣ ಇಟಲಿ’ಯನ್ನು ಕಟ್ಟಿದ್ದು 1831ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿಗೆ. ನಲವತ್ತು ದಾಟಿದವರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಧಾರವಾಡದಲ್ಲಿ ದ. ರಾ. ಬೇಂದ್ರೆಯವರು ಗೆಳೆಯರ ಗುಂಪನ್ನು ಕೂಡಿಸಿದ್ದು 1922ರಲ್ಲಿ; ಅವರಿಗೂ ಆಗ ಇಪ್ಪತ್ತಾರು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ, ವಿ. ಕೃ. ಗೋಕಾಕ, ಇವರೆಲ್ಲ ಆ ಗುಂಪಿನಲ್ಲಿ ಬೆಳೆದವರು. ಕನ್ನಡಿಗರಿಗೆ ನಾಡಹಬ್ಬವೆಂಬದನ್ನು ಕಲಿಸಿದವರೂ ಇವರೇ. ಬೇಂದ್ರೆಯವರು ಶಾಲಾಮಾಸ್ತರರಾಗಿದ್ದರೆಂಬದನ್ನು ನಮ್ಮ ಶಿಕ್ಷಕ ವಾಚಕರು ಮರೆಯದಿರಲಿ. ‘ನರಬಲಿ’ ಎಂಬ ಒಂದು ಕವಿತೆಗಾಗಿ ಸೆರೆಮನೆಗೆ ಹೋಗಿ, ನೌಕರಿಯನ್ನೂ ಕಳೆದುಕೊಂಡವರು. ಅವರು ಹುಡುಗರಿಗೆ ಧೈರ್ಯದ ಮೇಲೆ ನಿಬಂಧ ಬರೆಯಿಸುವ ಗೋಜಿಗೆ ಹೋಗಲಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಎಳೆಯ ಕಂಠಕ್ಕೆ ಬಲ ಬರುವದು ಅದನ್ನು ಕೇಳುವ ಹಿರಿಯರಿಂದ. ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ತೆಗೆದರು. ವಾಚಕರು ವರ್ಷದ ವರ್ಗಣಿ ಕೊಡುವದು, ವರ್ಷವಿಡೀ ಪುಸ್ತಕಗಳು ಮನೆಗೆ ಬರುವದು, ಇಷ್ಟೇ ಅದರ ಬಂಡವಾಳ. ಧಾರವಾಡದ ಸುಭಾಷ ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಆ ಅಟ್ಟವನ್ನು ಕಾಣದ ಕನ್ನಡ ಸಾಹಿತಿಯು ವಿರಳ. ಅಲ್ಲಿಗೆ ಒಬ್ಬ ಕಾಲೇಜು ಮುಗಿಸಿದ ತರುಣನ ನಾಟಕದ ಹಸ್ತಪ್ರತಿ ಬಂದಿತು. ಬರೆದವನಿಗೆ ಹೆಸರಿಲ್ಲ, ವಯಸ್ಸು ಇಪ್ಪತ್ತೆರಡರ ಮೇಲೆ ಕೆಳಗೆ. ಮಗನ ಯೌವನವನ್ನು ಬೇಡುವ ತಂದೆಯ ಕಥೆ ಅದು. ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಅದನ್ನು ಗಂಭೀರವಾಗಿ ಓದಿದರು. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ ಅಚ್ಚಾಯಿತು. ‘ಇನ್ನೂ ಹುಡುಗ, ಪಳಗಲಿ’ ಎಂದು ಆ ಹಸ್ತಪ್ರತಿಯನ್ನು ತಿರುಗಿ ಕಳಿಸಿದ್ದರೆ? ಹಾಗೆ ತಿರುಗಿ ಕಳಿಸಿದ ಹಸ್ತಪ್ರತಿಗಳು ನಮ್ಮ ಊರುಗಳಲ್ಲಿ ಎಷ್ಟು ಇರಬಹುದೋ, ಲೆಕ್ಕವಿಟ್ಟವರಿಲ್ಲ.

ಶಿಕ್ಷಕ ಬಂಧುಗಳಿಗೆ ನಮ್ಮ ವಿಜ್ಞಾಪನೆಯು ದೊಡ್ಡದೇನೂ ಅಲ್ಲ. ಶಾಲೆಯ ಕಪಾಟನ್ನು ವಾರಕ್ಕೆರಡು ಸಲ ತೆಗೆಯಿರಿ; ಪುಸ್ತಕ ಹರಿದರೆ ಹರಿಯಲಿ, ಹುಳ ತಿಂದು ಹರಿಯುವದಕ್ಕಿಂತ ಮಕ್ಕಳ ಕೈಯಲ್ಲಿ ಹರಿಯುವದು ಅದಕ್ಕೆ ಸದ್ಗತಿ. ಹಂಪೆಗೆ ಕರೆದೊಯ್ಯಲು ಹಣವಿಲ್ಲದಿದ್ದರೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋಗಿರಿ. ಚಾಲುಕ್ಯರ ಕಾಲದ ಗುಡಿ. ನಾಲ್ಕು ದಿಕ್ಕಿಗೂ ಬಾಗಿಲು. ಸುತ್ತ ಮನೆಗಳು ಒತ್ತಿಕೊಂಡು ನಿಂತಿವೆ. ಅದರ ಗೋಡೆಯ ಮೇಲಿನ ಕೆತ್ತನೆಯ ಮುಂದೆ ಮಕ್ಕಳನ್ನು ಬಿಟ್ಟು ನೀವು ಅರ್ಧ ತಾಸು ಸುಮ್ಮನಿರಿ. ಸುಮ್ಮನಿರುವದು ನಮಗೆಲ್ಲ ಕಠಿಣವೆಂಬದನ್ನು ನಾವು ಬಲ್ಲೆವು. ಭಾಷಣವನ್ನು ಬರೆದು ಕೊಡಬೇಡಿರಿ. ತಪ್ಪು ಮಾತನಾಡಿದರೆ ತಿದ್ದಲು ಮರುದಿನವಿದೆ. ಎಲ್ಲಕ್ಕೂ ಮೇಲಾಗಿ, ತರಗತಿಯಲ್ಲಿ ಹಿಂದಿನ ಸಾಲಿಗೆ ಕೂಡ್ರುವವರು ಯಾರು, ಸ್ವಾಗತಗೀತಕ್ಕೆ ಯಾವ ಮನೆಯ ಮಕ್ಕಳನ್ನು ಆರಿಸುತ್ತೇವೆ, ಯಾವ ಮನೆಯವರನ್ನು ಆರಿಸುವದಿಲ್ಲ ಎಂಬದನ್ನು ಒಮ್ಮೆ ಹಾಜರಿಯ ಪುಸ್ತಕವನ್ನು ತೆರೆದು ನೋಡಿಕೊಳ್ಳಿರಿ. ಮಾವಿನ ತೋಟಗಳು ಇನ್ನೂ ಇವೆ.

ಜತ್ತ, ಅಕ್ಕಲಕೋಟೆ, ಸೊಲ್ಲಾಪುರ, ಕಾಸರಗೋಡುಗಳ ಕನ್ನಡ ಮಕ್ಕಳು 1956ರ ನವೆಂಬರ 1ರಂದು ಗೆರೆಯ ಆಚೆಗೆ ಉಳಿದವರ ಮಕ್ಕಳ ಮೊಮ್ಮಕ್ಕಳು. ಅಲ್ಲಿಯ ಕನ್ನಡ ಶಾಲೆಗೆ ಒಂದು ಪೆಟ್ಟಿಗೆ ಪುಸ್ತಕ ಕಳಿಸಲು ಯಾವ ಆಯೋಗದ ವರದಿಯೂ ಅಡ್ಡ ಬರುವದಿಲ್ಲ. ಏಕೀಕರಣವೆಂದು ಭಾಷಣ ಮಾಡುವವರು ತಮ್ಮ ಹಾರದ ಖರ್ಚನ್ನು ಇದಕ್ಕೆ ಕೊಟ್ಟರೂ ಸಾಕು.

ಆ ಶಾಲೆಗೆ ನಾವು ಮೂರು ವಾರ ಬಿಟ್ಟು ಮತ್ತೆ ಹೋದೆವು. ಮುಖ್ಯಾಧ್ಯಾಪಕರು ಮೊದಲು ಸ್ವಲ್ಪ ಬಿಗುವಾಗಿದ್ದರು; ಚಹ ತರಿಸಿದ ಮೇಲೆ ಸಡಿಲಾದರು. ಕೀಲಿಕೈ ಹಿಂದಿನವರ ಕಾಲದಲ್ಲಿಯೇ ಕಳೆದಿತ್ತಂತೆ. ಬಡಿಗನನ್ನು ಕರೆಯಿಸಿ ಕೊಂಡಿಯನ್ನು ಕಿತ್ತಿಸಿದ್ದರು. ಒಳಗೆ ಇನ್ನೂರರಷ್ಟು ಪುಸ್ತಕಗಳಿದ್ದವು. ‘ಗತವೈಭವ’ದ ಒಂದು ಹಳೆಯ ಪ್ರತಿಯೂ ಇತ್ತು, ಅಂಚು ಬಿಡಿಸದ ಹಾಳೆಗಳು ಹಾಗೆಯೇ ಇದ್ದವು. ಒಯ್ದವರ ಹೆಸರು ಬರೆಯಲು ಒಂದು ಹೊಸ ವಹಿ ಮಾಡಿದ್ದರು. ಮೊದಲನೆಯ ಹೆಸರು ಆ ಹುಡುಗಿಯದು. ಅವಳು ಒಯ್ದದ್ದು ಒಂದು ಪತ್ತೇದಾರಿ ಕಾದಂಬರಿ. ಮುಖ್ಯಾಧ್ಯಾಪಕರು ಇದನ್ನು ತುಸು ನಾಚಿಕೆಯಿಂದ ತೋರಿಸಿದರು. ಇರಲಿ ಬಿಡಿರಿ, ಎಂದೆವು. ಮರಳಿ ತಂದುಕೊಟ್ಟು ಇನ್ನೊಂದನ್ನು ಒಯ್ದಿದ್ದಾಳೆಯೇ ಎಂದು ಕೇಳಿದೆವು. ಅವರು ವಹಿಯ ಹಾಳೆಯನ್ನು ತಿರುವಿದರು.